ಖಾಲಿ ಕಪ್ಪಿನ ಬೀಗ

ನಮ್ಮ ಮನೆಯಲ್ಲಿ ಮಲಗುವ ಹೊತ್ತನ್ನು ಗಡಿಯಾರ ಹೇಳುವುದಿಲ್ಲ. ಟೀವಿ ಹೇಳುತ್ತದೆ.

ಊಟ ಆದ ಮೇಲೆ ನಮ್ಮವರು ಒಂದು ಕಾಮಿಡಿ ಶೋ ನೋಡುತ್ತಾರೆ. ನಿಮ್ಮಲ್ಲೂ ಬಹಳ ಜನ ನೋಡುತ್ತೀರಿ, ಗೊತ್ತು. ಒಂದು ಮೇಜು, ಮೇಜಿನ ಹಿಂದೆ ಗಡ್ಡದ ನಿರೂಪಕ, ಪಕ್ಕದಲ್ಲಿ ಸೋಫಾ, ಸೋಫಾದ ಮೇಲೆ ಯಾರೋ ಸಿನಿಮಾದವರು. ಮುಕ್ಕಾಲು ಗಂಟೆ ನಗು. ಕೊನೆಯಲ್ಲಿ, ಎಲ್ಲರೂ ಆಕಳಿಸುವ ಹೊತ್ತಿಗೆ, 'ಇಂದಿನ ನಮ್ಮ ಸಂಗೀತದ ಅತಿಥಿ' ಎಂದು ಯಾರನ್ನೋ ಕರೆಯುತ್ತಾರೆ. ಒಂದು ದಿನ ಎಲೆ ಮಡಚಿ ಪೀಪಿ ಊದುವವನು. ಇನ್ನೊಂದು ದಿನ ಯಾವುದೋ ಊರಿನ ಬ್ಯಾಂಡ್‌ಸೆಟ್. ಮತ್ತೊಂದು ದಿನ ಸ್ಟೀಲ್ ಬಿಂದಿಗೆ ಬಾರಿಸುವ ಅಣ್ಣತಮ್ಮ. ಹೆಸರು ಕೇಳಿದವರಿಲ್ಲ, ಮುಖ ಕಂಡವರಿಲ್ಲ.

ಸಂಗೀತದ ಅತಿಥಿ ಬಂದರು ಎಂದರೆ ನಮ್ಮವರು ರಿಮೋಟ್ ಒತ್ತುತ್ತಾರೆ. ಟೀವಿ ಆಫ್, ಲೈಟ್ ಆಫ್, ಗೊರಕೆ ಆನ್.

ಇವರೆಲ್ಲ ಯಾರು? ಎಲ್ಲಿಂದ ಬರುತ್ತಾರೆ? ನಾಲ್ಕು ನಿಮಿಷ ಹಾಡಿ ಎಲ್ಲಿಗೆ ಹೋಗುತ್ತಾರೆ? ಅವರು ಹಾಡುವಾಗ ಅವರ ಮನೆಯಲ್ಲಿ ಯಾರು ಕಣ್ಣು ಬಿಟ್ಟುಕೊಂಡು ಕುಳಿತಿರುತ್ತಾರೆ? ಒಂದು ದಿನವೂ ಯೋಚಿಸಿದವಳಲ್ಲ ನಾನು.

ಈಗ ಚೆನ್ನಾಗಿ ಗೊತ್ತಾಗಿದೆ. ಹೋದ ವಾರದ ಸಂಗೀತದ ಅತಿಥಿ ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ಎಂದರೆ ನಮ್ಮಮ್ಮನ ತಂಗಿ, ನಾರಾಯಣಮ್ಮ. ಊರು ಮುಳಬಾಗಿಲಿನಿಂದ ಆಚೆ, ಆಂಧ್ರದ ಗಡಿಗೆ ಹತ್ತಿರ. ಎರಡು ಸೀಮೆಹಸು, ಒಂದಿಷ್ಟು ಟೊಮ್ಯಾಟೊ, ಒಂದಿಷ್ಟು ರಾಗಿ, ಒಬ್ಬ ಗಂಡ, ಒಬ್ಬಳು ಮಗಳು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸುತ್ತಲ ಊರುಗಳಲ್ಲಿ ಮದುವೆ ಎಂದರೆ ಅವಳಿಗೂ ಅವಳ ಮೂವರು ಗೆಳತಿಯರಿಗೂ ಕರೆ ಬರುತ್ತದೆ. ಅಡುಗೆಗಲ್ಲ. ಬೀಗರನ್ನು ಬೈಯುವುದಕ್ಕೆ.

ಪೇಟೆಯ ಓದುಗರಿಗೆ ಹೇಳಿಬಿಡುತ್ತೇನೆ. ಬೀಗರ ಪದ ಎಂದು ಒಂದಿದೆ. ಗಂಡಿನ ಕಡೆಯವರು ಊಟಕ್ಕೆ ಸಾಲಾಗಿ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಎದುರು ನಿಂತು ಅವರ ಮೇಲೆ ಪದ ಕಟ್ಟಿ ಹಾಡುತ್ತಾರೆ. ಬೀಗನ ಹೊಟ್ಟೆ, ಬೀಗಿತ್ತಿಯ ಜಂಬ, ಸೋದರಮಾವ ಒಬ್ಬನೇ ಎಷ್ಟು ಹೋಳಿಗೆ ಎಳೆದ, ಯಾವುದನ್ನೂ ಬಿಡುವುದಿಲ್ಲ. ಹಾಡಿಸಿಕೊಂಡವರು ಕೋಪ ಮಾಡಿಕೊಳ್ಳುವಂತಿಲ್ಲ. ಸಾಕಪ್ಪಾ ಸಾಕು ಎನಿಸಿದರೆ ಹಾಡುವವರ ಕೈಗೆ ಎಲೆ ಅಡಿಕೆ ಕೊಡಬೇಕು. ಕೊಟ್ಟ ಕೂಡಲೇ ಹಾಡು ನಿಲ್ಲುತ್ತದೆ.

ಚಿಕ್ಕಮ್ಮ ಇದಕ್ಕೊಂದು ಕಾನೂನು ಹೇಳುತ್ತಾಳೆ. "ಎಲೆ ಅಡಿಕೆ ಬಿದ್ರೆ ಅದು ಹಾಡು ಕಣೇ. ಬೀಳ್ದೆ ಇದ್ರೆ ಬರೀ ಬೈಗುಳ."

(ಈ ಕಾನೂನು ಕೇಳಿದ ದಿನ ನಮ್ಮವರು ಮೆಲ್ಲಗೆ ಕೇಳಿದರು: "ನಮ್ಮ ಮದ್ವೇಲಿ ನಮ್ಮ ಕಡೆ ಶ್ರೀನಿವಾಸಪುರದೋರು ಎಲೆ ಅಡಿಕೆ ಕೊಡೋದು ಮರ್ತಿದ್ರಾ?" ಯಾಕೆ ಎಂದೆ. "ಅಲ್ಲಾ, ಇನ್ನೂ ನಿಂತಿಲ್ವಲ್ಲ, ಅದಕ್ಕೆ ಕೇಳ್ದೆ." ಇರಲಿ, ಆ ವಿಷಯ ಬೇರೆ.)

ಚಿಕ್ಕಮ್ಮನ ಈ ವಿದ್ಯೆಯ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದನ್ನು ಯಾರೋ ಓದಿದ್ದಾರೆ. ಕಾಮಿಡಿ ಶೋದ ಕೋಆರ್ಡಿನೇಟರ್ ಹುಡುಗಿ ಫೋನ್ ಮಾಡಿದಳು.

"ಮ್ಯಾಮ್, ನಮ್ಗೆ ತುಂಬಾ ಯುನೀಕ್ ಗೆಸ್ಟ್ಸ್ ಬೇಕು. ಯಾರಿಗೂ ಗೊತ್ತೇ ಇರಬಾರದು, ಅಂಥವ್ರು."

ಯಾರಿಗೂ ಗೊತ್ತಿಲ್ಲ ಎಂದರೇನು? ಮುಳಬಾಗಿಲು ತಾಲ್ಲೂಕಿನ ಅರ್ಧ ಬೀಗರು ಅವಳ ಬಾಯಿಗೆ ಬಿದ್ದು ಎದ್ದವರು. ಆದರೂ ಚಿಕ್ಕಮ್ಮನಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟೊತ್ಗೆ ಬಿಡ್ತಾರೆ? ಸಾಯಂಕಾಲ ಹಾಲು ಕರೀಬೇಕು." ಬಿಡುತ್ತಾರಂತೆ ಎಂದೆ. ಒಪ್ಪಿಬಿಟ್ಟಳು.

ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಅವಳಿಗೆ ಮಗಳಿದ್ದಾಳೆ ಎಂದೆನಲ್ಲ, ಸೌಮ್ಯ. ಕೋಲಾರದ ಒಂದು ಲ್ಯಾಬಿನಲ್ಲಿ ಕೆಲಸ, ನಮ್ಮ ಮನೆಯಲ್ಲೇ ವಾಸ. ಮಾಲೂರಿನ ಕಡೆಯ ಹುಡುಗನೊಬ್ಬ ಬಂದು ನೋಡಿ ಹೋಗಿದ್ದ. ಇಬ್ಬರಿಗೂ ಒಪ್ಪಿಗೆ. ಒಪ್ಪಿಗೆ ಎಂಥದ್ದು, ಸಂಜೆಯಾದರೆ ಹುಡುಗಿ ಫೋನ್ ಹಿಡಿದು ಟೆರೇಸ್ ಮೇಲೆ. ಒಣಗಿದ ಎರಡು ಚೂಡಿದಾರ ತರುವುದಕ್ಕೆ ಒಂದು ಗಂಟೆ ಬೇಕೇ? ಎರಡು ಮನೆಯವರು ಎಲೆ ಅಡಿಕೆ ಬದಲಾಯಿಸಿಕೊಂಡು ಮಾತು ಗಟ್ಟಿ ಮಾಡುವುದೊಂದೇ ಬಾಕಿ ಇತ್ತು.

ಹುಡುಗನ ತಂದೆ ರಾಮಚಂದ್ರಪ್ಪನವರು. ಹೆಂಚಿನ ವ್ಯಾಪಾರ. ಮಾತು ಕಡಿಮೆ, ಮೂಗು ಜಾಸ್ತಿ. (ದೇವರಾಣೆ ನಾನು ಹೇಳಿದ್ದಲ್ಲ. ಅವರ ಹೆಂಡತಿಯೇ ಹೇಳಿದ್ದು.) ನಗುವುದನ್ನು ಕಂಡವರಿಲ್ಲ. ಹೆಣ್ಣು ನೋಡಲು ಬಂದ ದಿನವೇ ಹೇಳಿದ್ದರು: "ಮದ್ವೇಲಿ ಆರ್ಕೆಸ್ಟ್ರಾ ಇಡ್ಸೋಣ. ಈ ಬೀಗರ ಪದ ಗಿದ ನಮ್ಗೆ ಬೇಡ." ಚಿಕ್ಕಮ್ಮ ಬಾಯಿಗೆ ಬೀಗ ಹಾಕಿಕೊಂಡು ತಲೆಯಾಡಿಸಿದ್ದಳು. ಮಗಳ ಸಂತೋಷದ ಮುಂದೆ ಪದ ಯಾವ ಲೆಕ್ಕ?

ಟೀವಿಯ ಸುದ್ದಿ ಮಾಲೂರಿಗೂ ಮುಟ್ಟಿತು. ಬೀಗಿತ್ತಿಯಾಗಬೇಕಾದವರು, ಅಂದರೆ ಹುಡುಗನ ತಾಯಿ, ನನಗೇ ಫೋನ್ ಮಾಡಿದರು.

"ನಮ್ಮನೆಯವರು ಹೇಳ್ತಿದಾರೆ, ಆ ಟೀವಿ ಪ್ರೋಗ್ರಾಮ್ ಒಂದು ಆಗ್ಬಿಡ್ಲಿ. ಎಲೆ ಅಡಿಕೆ ಆಮೇಲೆ ನೋಡೋಣ."

ಆಮೇಲೆ ನೋಡೋಣ! ಕನ್ನಡದಲ್ಲಿ ಇದಕ್ಕಿಂತ ಹೆದರಿಕೆಯ ಮಾತು ಇನ್ನೊಂದಿದೆಯೇ? ಎಷ್ಟು ಸಂಬಂಧಗಳು ಈ ಎರಡು ಪದದ ಕೆಳಗೆ ಸಿಕ್ಕಿ ಸತ್ತಿವೆ, ನಿಮಗೇ ಗೊತ್ತು.

ಸೌಮ್ಯ ಆ ಸಂಜೆ ಟೆರೇಸ್ ಹತ್ತಲಿಲ್ಲ. "ಅಕ್ಕಾ, ಅಲ್ಲಿ ಎಲ್ರೂ ಸೇರಿ ಅಮ್ಮನ್ನ ಆಡ್ಕೊಂಡು ನಗ್ತಾರೆ. ಅದನ್ನ ಇವರಪ್ಪ ನೋಡ್ತಾರೆ. ಅಪ್ಪ ಬೇಡ ಅಂದ್ರೆ ಇವ್ರು ತಿರುಗಿ ಮಾತಾಡಲ್ಲ, ನಂಗೊತ್ತು" ಎಂದು ಅತ್ತೇಬಿಟ್ಟಳು. ತಪ್ಪು ನನ್ನದೇ. ಫೋನ್ ಮಾಡಿಸಿದ್ದು ನನ್ನ ಅಂಕಣ ತಾನೇ?

ಚಿಕ್ಕಮ್ಮನನ್ನು ಬೇಡ ಎಂದರೆ ಕೇಳಲಿಲ್ಲ. "ಬರ್ತೀನಿ ಅಂದಾಗಿದೆ. ಮಾತು ಮಾತೇ" ಎಂದಳು. ಕೊನೆಗೆ ಒಂದು ರಾಜಿ ಆಯಿತು. ಬೀಗರ ಪದ ಬೇಡವೇ ಬೇಡ. ಕುರುಡುಮಲೆ ಗಣಪನ ಮೇಲೆ ಒಂದು ದೇವರ ಹಾಡು ಹಾಡುವುದು, ಕೈ ಮುಗಿಯುವುದು, ಬರುವುದು. ಗಣಪನ ಹಾಡಿಗೆ ಯಾರು ನಗುತ್ತಾರೆ? ಮಗಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಹೊರಡುವ ಹಿಂದಿನ ದಿನ ಕುರುಡುಮಲೆಗೇ ಹೋಗಿ ಕಾಯಿಯನ್ನೂ ಒಡೆಸಿಕೊಂಡು ಬಂದಳು.

ನಾಲ್ವರು ಹೆಂಗಸರ ಜೊತೆ ನಾನೂ ಬೆಂಗಳೂರಿಗೆ ಹೋದೆ. ನಿಮಗೊಂದು ಗುಟ್ಟು ಹೇಳುತ್ತೇನೆ. ರಾತ್ರಿಯ ಶೋ ಎಂದು ನಾವು ನೋಡುವುದನ್ನು ಅವರು ಮಾಡುವುದು ಹಗಲಿನಲ್ಲಿ. ಒಳಗೆ ಹೋದರೆ ಕತ್ತಲೆಯ ಊರಿನ ದೊಡ್ಡ ಚಿತ್ರ, ಮೇಲೆ ಥರ್ಮಾಕೋಲ್ ಚಂದ್ರ.

"ಇದೇನೇ, ಹಗಲಲ್ಲೇ ಚಂದ್ರನ್ನ ತೂಗಾಕವ್ರೆ?" ಎಂದಳು ಚಿಕ್ಕಮ್ಮ.

ಕಾದೆವು. ಸಿನಿಮಾದವರು ಬಂದರು, ನಕ್ಕರು, ಹೋದರು. ನಾವು ಕಾಯುತ್ತಲೇ ಇದ್ದೆವು. ನಾಲ್ವರೂ ಒಂದು ಮೂಲೆಯಲ್ಲಿ ಕುಳಿತು ತೆಲುಗಿನಲ್ಲಿ ಹಸುವಿನ ವಿಷಯ, ಮಳೆಯ ವಿಷಯ, ಯಾರ ಸೊಸೆ ಯಾರ ಮಾತು ಕೇಳುವುದಿಲ್ಲ ಎಂಬ ವಿಷಯ ಮಾತಾಡಿಕೊಂಡರು. ಕೊನೆಗೆ ಇವರನ್ನು ಕರೆದು ನಿಲ್ಲಿಸಿದರು. ನಾನು ಪ್ರೇಕ್ಷಕರ ಸಾಲಿನಲ್ಲಿ ಕುಳಿತೆ.

ನಿರೂಪಕ ಮೇಜಿನ ಮೇಲಿನ ಕಪ್ಪೆತ್ತಿ ಸೊರ್ ಎಂದು ಒಂದು ಗುಟುಕು ಕುಡಿದ. ಕೈಯಲ್ಲಿದ್ದ ಕಾರ್ಡ್ ನೋಡಿ ಕೇಳಿದ.

"ಇದು ಡಿಜೆ ಕಾಲ. ಹೇಳೀಮ್ಮಾ, ಈ ಕಾಲದಲ್ಲಿ ಬೀಗರ ಪದದ ಪಾಡು?"

ಪಾಡು ಎಂದರೆ ಏನು? ನಮಗೆಲ್ಲ ಅವಸ್ಥೆ, ಗತಿ. ಅವನು ಕೇಳಿದ್ದೂ ಅದನ್ನೇ, ಬೀಗರ ಪದದ ಗತಿ ಏನಾಗಿದೆ ಎಂದು. ಆದರೆ ತೆಲುಗಿನಲ್ಲಿ ಪಾಡು ಎಂದರೆ ಹಾಡು. ಬೆಳಗಿನಿಂದ ತೆಲುಗೇ ಆಡಿಕೊಂಡು ಕುಳಿತಿದ್ದ ಚಿಕ್ಕಮ್ಮನ ಕಿವಿಗೆ ಬಿದ್ದದ್ದು ಏನು? 'ಬೀಗರ ಪದ ಪಾಡು.'

ಅವಳಿಗೆ ಗಾಬರಿ. "ಬೀಗರ ಪದಾನೇ ಪಾಡ್ಬೇಕಾ?"

ಅವನಿಗೆ ಏನು ಅರ್ಥವಾಯಿತೋ. "ಹ್ಞೂಂ ಮತ್ತೆ!" ಎಂದುಬಿಟ್ಟ. ಜನ ನಕ್ಕರು.

ಚಿಕ್ಕಮ್ಮ ನನ್ನ ಕಡೆ ನೋಡಿದಳು. ನಾನು ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದೆ. ನಮ್ಮ ಕಡೆ ತಲೆ ಅಲ್ಲಾಡಿಸಿದರೆ ಊಹೂಂ ಎಂದೂ ಅರ್ಥ, ಆಗಲಿ ಎಂದೂ ಅರ್ಥ. ಅವಳು ತನಗೆ ಬೇಕಾದ ಅರ್ಥ ತೆಗೆದುಕೊಂಡಳು.

ಬೀಗರ ಪದಕ್ಕೆ ಬೀಗ ಬೇಕಲ್ಲ? ಎದುರಿಗೆ ಇದ್ದವನು ಅವನೊಬ್ಬನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ಶುರು ಮಾಡಿದಳು.

"ಪ್ಯಾಂಟು ನೋಡಿರೆ ನಮ್ಮ ಬೀಗಣ್ಣಂದು
ಪಾಪ, ಬಟ್ಟೆ ಸಾಲದೆ ಹೋಯ್ತೆ?
ಗಡ್ಡ ನೋಡಿರೆ ನಮ್ಮ ಬೀಗಣ್ಣಂದು
ಗುಬ್ಬಿ ಗೂಡು ಕಟ್ಟೋಕೆ ಬಂತೆ?"

ಹಿಂದೆ ಮೂವರೂ 'ಬಂತೆ, ಬಂತೆ' ಎಂದು ಚಪ್ಪಾಳೆ ತಟ್ಟಿದರು. ಜನ ಹೋ ಎಂದರು. ನಿರೂಪಕನೂ ನಕ್ಕ, ಗಡ್ಡ ಸವರಿಕೊಂಡ, ಮತ್ತೆ ಕಪ್ಪೆತ್ತಿ ಒಂದು ಗುಟುಕು ಕುಡಿದ. ಅಲ್ಲೇ ಅವನು ಎಡವಿದ್ದು. ಚಿಕ್ಕಮ್ಮ ಎರಡು ಹೆಜ್ಜೆ ಮುಂದೆ ಹೋಗಿ ಆ ಕಪ್ಪಿನೊಳಗೆ ಇಣುಕಿದಳು.

"ಮೇಜು ಹಾಕವ್ನೆ, ಕಪ್ಪು ಇಟ್ಟವ್ನೆ
ಸೊರ್ ಅಂತ ಕುಡೀತಾನೆ ಬೀಗ
ಕಪ್ಪೊಳಗೆ ಇಣುಕಿದ್ರೆ ಕಾಪೀನೇ ಇಲ್ವಲ್ಲೊ
ಗಾಳೀನೆ ಕುಡೀತಾನೆ ಬೀಗ!"

ಅಯ್ಯೋ ದೇವರೇ! ಕ್ಯಾಮೆರಾ ಹಿಡಿದವನು ನಕ್ಕ ರಭಸಕ್ಕೆ ಕ್ಯಾಮೆರಾ ಅಲ್ಲಾಡಿತು. ಇಷ್ಟು ವರ್ಷ ರಾತ್ರಿ ರಾತ್ರಿ ನೋಡಿದ್ದೇವೆ, ಆ ಕಪ್ಪಿನಲ್ಲಿ ಏನಿದೆ ಎಂದು ನಾವ್ಯಾರಾದರೂ ಕೇಳಿದ್ದೆವೇ? ನಿರೂಪಕನ ಕೈ ಕಪ್ಪಿನ ಮೇಲೇ ನಿಂತಿತು. ಹಲ್ಲು ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

ಯಾರೋ "ಕಟ್, ಕಟ್" ಎಂದು ಕೂಗಿದರು. ಕಟ್ ಎಂದರೆ ಇವರು ನಿಲ್ಲಿಸುತ್ತಾರೆಯೇ? ಎಲೆ ಅಡಿಕೆ ಎಲ್ಲಿ? ಹೋಳಿಗೆ, ತುಪ್ಪ, ಬೀಗನ ಅಕ್ಕ, ಬೀಗನ ಶೂಸು, ಪದ ಓಡುತ್ತಲೇ ಇತ್ತು. ಕೋಆರ್ಡಿನೇಟರ್ ಹುಡುಗಿ ಓಡಿಬಂದಳು. ನಾನು ಎದ್ದು "ಎಲೆ ಅಡಿಕೆ ಕೊಡೀಮ್ಮಾ, ನಿಲ್ಲಿಸ್ತಾರೆ" ಎಂದೆ. ಅಂಥ ಸ್ಟುಡಿಯೋದಲ್ಲಿ ವೀಳ್ಯದೆಲೆ ಎಲ್ಲಿಂದ ಬರಬೇಕು? ಅವಳು ಬ್ಯಾಗಿನಿಂದ ಒಂದು ಸೋಂಪಿನ ಪೊಟ್ಟಣ ತೆಗೆದು ಚಿಕ್ಕಮ್ಮನ ಕೈಗಿಟ್ಟಳು.

ಚಿಕ್ಕಮ್ಮ ಅದನ್ನು ತಿರುಗಿಸಿ ನೋಡಿದಳು. "ಇದು ಓಟ್ಲಲ್ಲಿ ಬಿಲ್ ಜೊತೆ ಕೊಡೋದಲ್ವಾ?"

ಅಷ್ಟರಲ್ಲಿ ನಿರೂಪಕ ಕುರ್ಚಿ ಬಿಟ್ಟು ಒಳಗೆ ಹೋಗಿಬಿಟ್ಟಿದ್ದ. ಬೀಗನೇ ಇಲ್ಲದ ಮೇಲೆ ಯಾರ ಮೇಲೆ ಹಾಡುವುದು? ಹಾಡು ಅಲ್ಲಿಗೇ ನಿಂತಿತು. ಗಣಪನ ಹಾಡನ್ನು ಯಾರೂ ಕೇಳಲಿಲ್ಲ. ಹುಡುಗಿ "ಎಡಿಟ್‌ನಲ್ಲಿ ನೋಡ್ತೀವಿ ಮ್ಯಾಮ್" ಎಂದಳು. ಹಾಲು ಕರೆಯುವ ಹೊತ್ತು ಹತ್ತಿರ ಬರುತ್ತಿತ್ತು. ಬಸ್ ಹತ್ತಿದೆವು.

ಬಸ್ಸು ಹೊಸಕೋಟೆ ದಾಟಿತು. ಚಿಕ್ಕಮ್ಮ ಕೇಳಿದಳು, "ಪಾಡು ಅಂದೋನು ಅವನೇ ಅಲ್ವೇನೇ?" ನಾನು ಅರ್ಥ ಬಿಡಿಸಿ ಹೇಳಿದೆ. ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಪಾಡೇ! ಯಾರೋ ಹೆತ್ತ ಮಗ, ಊರೆಲ್ಲಾ ನೋಡೋ ಹಂಗೆ ಬೈದು ಬಂದೆನಲ್ಲೇ. ಎಲೆ ಅಡಿಕೆನೂ ಬೀಳ್ಲಿಲ್ಲ."

ಅವಳ ಚಿಂತೆ ಅದು. ನನ್ನ ಚಿಂತೆ ಎಡಿಟಿಂಗ್. ಈ ಶೋಗಳಲ್ಲಿ ಯಾರಾದರೂ ತಪ್ಪಿದರೆ ಏನು ಮಾಡುತ್ತಾರೆ, ನೀವು ನೋಡಿಲ್ಲವೇ? ಮುಖ ದೊಡ್ಡದು ಮಾಡಿ, 'ಟೊಯ್ಂಯ್' ಎಂದು ಸದ್ದು ಹಾಕಿ, ಅದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಬೆಳಗಾಗುವುದರೊಳಗೆ ಆ ಮುಖ ಎಲ್ಲರ ಮೊಬೈಲಿನಲ್ಲಿ. ಮಾಲೂರಿನ ಮೊಬೈಲಿನಲ್ಲೂ. ಸೌಮ್ಯಳಿಗೆ ನಡೆದದ್ದು ಹೇಳಿದಾಗ ಅವಳು ಬೈಯಲಿಲ್ಲ, ಅಳಲಿಲ್ಲ. "ಅಮ್ಮನ್ನ ಏನೂ ಅನ್ಬೇಡಿ ಅಕ್ಕಾ" ಎಂದಳು. ಬೈದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಪ್ರಸಾರದ ದಿನ ಬಂತು. ನಾನು ಟೀವಿಯ ಮುಂದೆ ಕೂರಲಿಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿದೆ. ಸೌಮ್ಯ ಮುಸುಕು ಹಾಕಿಕೊಂಡು ಮಲಗಿದಳು, ನಿದ್ದೆ ಮಾತ್ರ ಮಾಡುತ್ತಿರಲಿಲ್ಲ. ನಮ್ಮವರು ಒಬ್ಬರೇ ಸೋಫಾದ ಮೇಲೆ. ಸಂಗೀತದ ಅತಿಥಿ ಎಂದರು. ಮೊದಲ ಸಲ ನಮ್ಮ ಮನೆಯಲ್ಲಿ ಟೀವಿ ಆಫ್ ಆಗಲಿಲ್ಲ.

'ಪಾಡ್ಬೇಕಾ?' ಎಂಬ ಚಿಕ್ಕಮ್ಮನ ದನಿ ಕೇಳಿತು. ಹಿಂದೆಯೇ 'ಟೊಯ್ಂಯ್'. ಮುಗಿಯಿತು ಎಂದುಕೊಂಡೆ. ಪ್ಯಾಂಟು ಬಂತು, ಗಡ್ಡ ಬಂತು, ಕಪ್ಪೂ ಬಂತು. ಒಂದನ್ನೂ ಕತ್ತರಿಸಿರಲಿಲ್ಲ. ನಮ್ಮವರು ನಗುವುದು ಕೇಳಿಸಿತು. ಇವರು ಯಾರನ್ನು ನೋಡಿ ನಗುತ್ತಿದ್ದಾರೆ, ಅವಳನ್ನೋ ಅವನನ್ನೋ? ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಹಾಲ್‌ನಿಂದ ನಮ್ಮವರು ಕೂಗಿದರು.

"ಲೇ, ಬಾರೇ ಇಲ್ಲಿ! ಬೇಗ ಬಾ!"

ಅವರೆಕಾಯಿಯ ಮೊರ ಚೆಲ್ಲಿಕೊಂಡು ಓಡಿದೆ. ಟೀವಿಯಲ್ಲಿ ನಮ್ಮ ನಾಲ್ವರಿಗೆಂದು ಹಾಕಿದ ನಾಲ್ಕು ಖಾಲಿ ಕುರ್ಚಿ. ಅವುಗಳ ಮುಂದೆ ಆ ಗಡ್ಡದ ನಿರೂಪಕ, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಎರಡು ಬಾಳೆಹಣ್ಣು.

"ಅಮ್ಮಾ, ನಮ್ಮ ಹುಡುಗರು ಎಲೆ ಅಡಿಕೆ ಹುಡುಕಿ ತರೋ ಹೊತ್ತಿಗೆ ನೀವು ಹಾಲು ಕರೆಯೋಕೆ ಹೊರಟುಹೋಗಿದ್ರಿ. ತಗೊಳ್ಳಿ. ನಾನು ಸೋತೆ. ಇನ್ನು ನಿಲ್ಲಿಸಿ!" ಎಂದ. ಕಪ್ಪನ್ನು ಎತ್ತಿ ಬೋರಲು ಹಾಕಿದ. ಒಂದು ತೊಟ್ಟೂ ಬೀಳಲಿಲ್ಲ. ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಕೈ ಮುಗಿದ. ಈ ಸಲ ಕಣ್ಣೂ ನಗುತ್ತಿತ್ತು.

ಮುಖ ಚಿಕ್ಕದು ಮಾಡಿಕೊಂಡು ಒಳಗೆ ಹೋದವನ ಮನಸ್ಸು ಯಾವಾಗ ತಿರುಗಿತೋ, ಯಾರು ಬುದ್ಧಿ ಹೇಳಿದರೋ ನನಗೆ ಗೊತ್ತಿಲ್ಲ. ಯಾವ ತಾಯಿ ಹೆತ್ತ ಮಗನೋ, ನೂರು ವರ್ಷ ಬಾಳಲಿ. ನಾನು ಅಲ್ಲೇ ಸೋಫಾದ ತೋಳಿನ ಮೇಲೆ ಕುಳಿತು ಗಳಗಳ ಅತ್ತೆ. ನಮ್ಮವರೂ ಕಣ್ಣು ಒರೆಸಿಕೊಂಡರು. (ಧೂಳಂತೆ.)

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಕೋಳಿ ಜೊತೆ ಮಲಗುವ ಊರು, ಆದರೂ ಒಂದೇ ರಿಂಗಿಗೆ ಎತ್ತಿದಳು.

"ಬಿತ್ತು ಕಣೇ ಎಲೆ ಅಡಿಕೆ. ನೋಡ್ದೆ. ಈಗ ನಿದ್ದೆ ಬರ್ತೈತೆ, ಇಡು" ಎಂದು ಇಟ್ಟೇಬಿಟ್ಟಳು.

ಅವಳಿಗೆ ನಿದ್ದೆ ಬಂತು. ಸೌಮ್ಯಳಿಗೆಲ್ಲಿ ಬರಬೇಕು? ಮಾಲೂರಿನದು ಬಾಕಿ ಇತ್ತಲ್ಲ. ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಬೀಗಿತ್ತಿಯ ಫೋನ್. ಹಾಲು ಉಕ್ಕಿದರೆ ಉಕ್ಕಲಿ ಎಂದು ಎತ್ತಿದೆ. ಸೌಮ್ಯ ಬಂದು ನನ್ನ ತೋಳು ಹಿಡಿದುಕೊಂಡಳು.

"ನಮ್ಮನೆಯವರು ರಾತ್ರಿ ನೋಡಿದ್ರು" ಎಂದರು.

"ಹ್ಞಾಂ..." ಎಂದೆ.

"ನಕ್ಕಿದ್ದು ನಕ್ಕಿದ್ದೇ. ಮದ್ವೆ ಆದಾಗಿಂದ ಅವ್ರು ಹಂಗೆ ನಕ್ಕಿದ್ದು ನಾನೇ ನೋಡಿಲ್ಲ. ನೀರು ಕುಡಿಸ್ಬೇಕಾಯ್ತು. ಈಗ ಬೆಳಿಗ್ಗೆಯಿಂದ ಒಂದೇ ರಾಗ. ಟೀವಿಯೋನಿಗೆ ಮಾತ್ರನಾ, ಸ್ವಂತ ಬೀಗರಿಗೆ ಹಾಡಲ್ವಾ ಅಂತ."

"ಅಲ್ಲಾ, ಬೇಡ ಅಂದೋರು ಅವರೇ ಅಲ್ವಾ?"

ಆ ಕಡೆ ದನಿ ತಗ್ಗಿತು. "ಅವರ ಮೂಗಿನ ಮೇಲೆ ಹಾಡ್ಬಿಡ್ತಾರೆ ಅಂತ ಹೆದರಿಕೆ ಕಣ್ರೀ ಅವ್ರಿಗೆ. ಚಿಕ್ಕೋರಿದ್ದಾಗ ಸ್ಕೂಲಲ್ಲಿ ಎಲ್ರೂ ರೇಗಿಸ್ತಿದ್ರಂತೆ. ಈಗ ಅಷ್ಟು ದ್ವಡ್ಡ ಮನುಷ್ಯನೇ ಕೈ ಮುಗಿದು ಸೋತೆ ಅಂದ್ಮೇಲೆ, ನಂದೇನು ಮಹಾ ಅಂತಿದಾರೆ. ಬರೋ ಭಾನುವಾರ ಎಲೆ ಅಡಿಕೆ ಬದಲಾಯಿಸ್ಕೊಳೋಕೆ ಬರ್ತೀವಿ. ಅಷ್ಟರಲ್ಲಿ ಆ ಮೂಗಿನ ಮೇಲೆ ಒಂದು ಪದ ಕಟ್ಟೋಕೆ ಹೇಳಿ. ಟೈಮ್ ಸಾಲುತ್ತಾ?"

ಹಾಲು ಉಕ್ಕಿ ಸ್ಟೌವ್ ಎಲ್ಲ ಬೆಳ್ಳಗಾಗಿತ್ತು. ಸೌಮ್ಯ ನಗುತ್ತಾ ಒರೆಸಿದಳು, ಅಳುತ್ತಾ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆ ಸಂಜೆ ಟೆರೇಸ್ ಮೇಲೆ ಒಂದೂ ಬಟ್ಟೆ ಇರಲಿಲ್ಲ, ಆದರೂ ಹೋದವಳು ಊಟಕ್ಕೇ ಇಳಿದಿದ್ದು.

ಮೊನ್ನೆ ರಾತ್ರಿ ಅದೇ ಶೋದಲ್ಲಿ ಯಾರೋ ಒಬ್ಬರು ಬಂದಿದ್ದರು. ವಯಸ್ಸಾದವರು, ಯಾವ ಊರೋ, ಹಳೆಯದೊಂದು ಹಾರ್ಮೋನಿಯಂ. ನುಡಿಸಿದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಅಭ್ಯಾಸಬಲದಿಂದ ನಾನೇ ರಿಮೋಟ್‌ಗೆ ಕೈ ಹಾಕಿದೆ. ನಮ್ಮವರು ಕಿತ್ತಿಟ್ಟುಕೊಂಡರು.

"ಇರು. ಅವ್ರ ಮನೇಲೂ ಯಾರೋ ಅವರೆಕಾಯಿ ಸುಲೀತಾ ಕೂತಿರ್ತಾರೆ."

ಪೂರ್ತಿ ನೋಡಿಯೇ ಮಲಗಿದೆವು.

ಅಂದ ಹಾಗೆ, ಮೂಗಿನ ಪದದ ವಿಷಯ ಚಿಕ್ಕಮ್ಮನಿಗೆ ಅವತ್ತೇ ಹೇಳಿದೆ. ಭಾನುವಾರದೊಳಗೆ ಆಗುತ್ತದೆಯೇ ಎಂದು ಕೇಳಿದೆ.

"ಇನ್ನೇನು ಕಟ್ಟೋದು?" ಎಂದಳು. "ಹೆಣ್ಣು ನೋಡೋಕೆ ಬಂದ್ರಲ್ಲ, ಅವತ್ತೇ ಕಟ್ಟಿಟ್ಟಿದೀನಿ. ಬಾಯಿಂದ ಬಿಡೋಕೆ ಆಗ್ದೆ ಹೊಟ್ಟೆ ಉಬ್ಬರಿಸ್ಕೊಂಡು ಕೂತಿದ್ದೆ."

ರಾಮಚಂದ್ರಪ್ಪನವರೇ, ಈ ಪತ್ರಿಕೆ ಮಾಲೂರಿಗೂ ಬರುತ್ತದೆ. ಭಾನುವಾರ ಎಲೆ ಅಡಿಕೆ ಸ್ವಲ್ಪ ಜಾಸ್ತಿಯೇ ತರುತ್ತೀರಲ್ಲ?